ಓದುಗರ ಪ್ರಶ್ನೆ: ಮೋನೋ ಟ್ರ್ಯಾಕ್‌ಗಳಿಂದ ಡ್ರಮ್ಸ್‌ಗೆ ಸ್ಟೀರಿಯೋ ಹರವು

ಪ್ರಶ್ನೆ: ಡ್ರಮ್ಸ್ ಒಂದನ್ನು ಎಂಟು ಮೋನೋ (ಎಡಬಲವಿಲ್ಲದ ಒಂಟಿ ಶಬ್ದದ) ಟ್ರ್ಯಾಕ್‌ಗಳಲ್ಲಿ ಧ್ವನಿಮುದ್ರಿಸಿಕೊಂಡಿದ್ದೇನೆ. ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್), ಸ್ನೇರ್ (ಚುರುಕು ಸದ್ದಿನ ಡ್ರಮ್), ಹೈ-ಹ್ಯಾಟ್ (ಜೋಡಿ ಸಿಂಬಲ್) ಮತ್ತು ಮೂರು ಟಾಮ್‌ಗಳಿಗೆ (ಆಳ ಸದ್ದಿನ ಡ್ರಮ್‌ಗಳು) ಒಂದೊಂದು ಮೈಕ್, ಮೇಲಿನಿಂದ ಎರಡು ಓವರ್‌ಹೆಡ್ ಮೈಕ್. ಎಲ್ಲವನ್ನೂ ಮಧ್ಯದಲ್ಲಿಟ್ಟರೆ ಶಬ್ದ ಕೊಳವೆಯೊಳಗಿಂದ ಬಂದಂತಿರುತ್ತದೆ. ಎಡಬಲಕ್ಕೆ ಹರಡಿದರೆ ಸ್ನೇರ್ ಒಂದು ಕಡೆಗೆ ವಾಲುತ್ತದೆ, ಟಾಮ್‌ಗಳು ಸೆಟ್‌ನಿಂದ ಕಳಚಿ ದೂರ ಹೋದಂತೆ ಕೇಳಿಸುತ್ತವೆ. ಯಾವ ಟ್ರ್ಯಾಕನ್ನು ಎಷ್ಟು ಪ್ಯಾನ್ ಮಾಡಬೇಕು, ಅಂದರೆ ಎಡಕ್ಕೋ ಬಲಕ್ಕೋ ಎಷ್ಟು ಸರಿಸಬೇಕು?

ಉತ್ತರ: ಅಂಕಿಗಳನ್ನು ನಾನು ಕೊಡುವುದಕ್ಕಿಂತ ನಿಮ್ಮ ಓವರ್‌ಹೆಡ್ ಟ್ರ್ಯಾಕ್‌ಗಳಿಂದಲೇ ಕೇಳಿ ತಿಳಿದುಕೊಳ್ಳುವುದು ಮೇಲು. ಎಂಟು ಟ್ರ್ಯಾಕ್‌ಗಳಲ್ಲಿ ಇಡೀ ಸೆಟ್ಟನ್ನು ಎರಡು ಕಿವಿಗಳ ಹಾಗೆ ಕೇಳಿಸಿಕೊಂಡಿರುವುದು ಆ ಎರಡು ಮಾತ್ರ. ಉಳಿದ ಆರು ಮೈಕ್‌ಗಳು ತಮ್ಮ ಮುಂದಿದ್ದ ಒಂದೊಂದು ವಾದ್ಯವನ್ನು ಹತ್ತಿರದಿಂದ ಹಿಡಿದಿವೆಯೇ ಹೊರತು, ಅದು ಎಡಕ್ಕಿತ್ತೋ ಬಲಕ್ಕಿತ್ತೋ ಎಂಬುದು ಅವುಗಳಿಗೆ ತಿಳಿಯದು. ಆದ್ದರಿಂದ ಮೊದಲು ಆ ಆರನ್ನೂ ಮ್ಯೂಟ್ ಮಾಡಿ, ಒಂದು ಓವರ್‌ಹೆಡ್ಡನ್ನು ಪೂರ್ತಿ ಎಡಕ್ಕೂ ಇನ್ನೊಂದನ್ನು ಪೂರ್ತಿ ಬಲಕ್ಕೂ ಇಟ್ಟು, ಕಣ್ಣು ಮುಚ್ಚಿಕೊಂಡು ಕೇಳಿರಿ.

ಹೀಗೆ ಕೇಳುವಾಗಲೂ ಸ್ನೇರ್ ಮಧ್ಯದಲ್ಲಿ ನಿಲ್ಲದಿದ್ದರೆ, ನೀವು ಹೇಳಿದ ತೊಂದರೆಯ ಬೇರು ಅಲ್ಲಿಯೇ ಇದೆ. ಸ್ನೇರ್‌ನಿಂದ ಎರಡೂ ಓವರ್‌ಹೆಡ್ ಮೈಕ್‌ಗಳಿಗೆ ಇರುವ ದೂರ ಒಂದೇ ಆಗಿರಲಿಲ್ಲ ಎಂದು ಅದರ ಅರ್ಥ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್, ಅಂದರೆ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಒಂದು ಮೈಕ್ 17 ಸೆಂಟಿಮೀಟರ್ ಹತ್ತಿರವಿದ್ದರೆ ಏಟು ಅದಕ್ಕೆ ಅರ್ಧ ಮಿಲಿಸೆಕೆಂಡ್ ಮೊದಲೇ ತಲುಪುತ್ತದೆ. ಎರಡೂ ಕಡೆಯ ಮಟ್ಟ ಒಂದೇ ಇದ್ದರೂ ಕಿವಿ ಮೊದಲು ಬಂದ ಕಡೆಗೇ ವಾಲುತ್ತದೆ. ಇದನ್ನು ಪರದೆಯ ಮೇಲೆ ಕಣ್ಣಾರೆ ನೋಡಬಹುದು. ಸ್ನೇರ್‌ನ ಒಂಟಿ ಏಟೊಂದನ್ನು ಹುಡುಕಿ, ಅಲೆಯ ಮೊದಲ ಏರು ಕಾಣುವಷ್ಟು ಹಿಗ್ಗಿಸಿರಿ. ಸೆಕೆಂಡಿಗೆ 48,000 ಸ್ಯಾಂಪಲ್‌ಗಳ (ಶಬ್ದದ ಒಂದೊಂದು ಕ್ಷಣದ ಅಳತೆಗಳ) ಮುದ್ರಣವಾಗಿದ್ದರೆ, ಎರಡು ಓವರ್‌ಹೆಡ್‌ಗಳ ಏರುಗಳ ನಡುವೆ 24 ಸ್ಯಾಂಪಲ್‌ಗಳ ಅಂತರ ಎಂದರೆ ಅದೇ ಅರ್ಧ ಮಿಲಿಸೆಕೆಂಡ್. ಮುಂಚೆ ಬಂದ ಟ್ರ್ಯಾಕನ್ನು ಅಷ್ಟು ತಡವಾಗಿಸಿದರೆ ಸ್ನೇರ್ ಬಹುಮಟ್ಟಿಗೆ ಮಧ್ಯಕ್ಕೆ ಬಂದು ನಿಲ್ಲುತ್ತದೆ. ಇನ್ನೂ ಉಳಿದ ವಾಲಿಕೆಯನ್ನು ಫೇಡರ್‌ನಿಂದ (ಟ್ರ್ಯಾಕ್‌ನ ಮಟ್ಟ ಏರಿಳಿಸುವ ಜಾರುಗುಂಡಿ) ಸರಿಪಡಿಸಬಹುದು. ಮುಂದಿನ ಸಲ ಮುದ್ರಿಸುವಾಗ ಸ್ನೇರ್‌ನ ನಡುವಿನಿಂದ ಎರಡೂ ಮೈಕ್‌ಗಳಿಗೆ ಒಂದು ದಾರ ಹಿಡಿದು ದೂರವನ್ನು ಸಮಮಾಡಿಕೊಂಡರೆ ಈ ಕೆಲಸವೇ ತಪ್ಪುತ್ತದೆ. ನಾನು ದಾರವಿಲ್ಲದೆ ಕಣ್ಣಳತೆಯಲ್ಲಿ ಮೈಕ್ ನಿಲ್ಲಿಸಿದಾಗಲೆಲ್ಲ ಆಮೇಲೆ ಪರದೆಯ ಮುಂದೆ ಕೂತು ಸ್ಯಾಂಪಲ್ ಎಣಿಸಿದ್ದೇನೆ.

ಈಗ ಟಾಮ್‌ಗಳಿಗೆ ಬರೋಣ. ಫ್ಲೋರ್ ಟಾಮ್ (ನೆಲದ ಮೇಲೆ ನಿಲ್ಲುವ ದೊಡ್ಡ ಟಾಮ್) ಬಾರಿಸಿದ ಒಂದು ಜಾಗವನ್ನು ಲೂಪ್ ಮಾಡಿ, ಓವರ್‌ಹೆಡ್‌ಗಳಲ್ಲಿ ಅದು ಎಲ್ಲಿಂದ ಕೇಳಿಸುತ್ತದೆ ಎಂಬುದನ್ನು ಬೆರಳಿನಿಂದ ತೋರಿಸಿಕೊಳ್ಳಿರಿ. ಅನಂತರ ಫ್ಲೋರ್ ಟಾಮ್‌ನ ಮೈಕನ್ನು ಮಧ್ಯದಲ್ಲಿಟ್ಟು ತೆರೆಯಿರಿ: ಒಂದೇ ಏಟು ಎರಡು ಕಡೆಯಿಂದ ಬಂದಂತೆ ಮಸುಕಾಗುತ್ತದೆ. ಪ್ಯಾನ್ ಗುಂಡಿಯನ್ನು ಬೆರಳು ತೋರಿಸಿದ ಕಡೆಗೆ ನಿಧಾನವಾಗಿ ತಿರುಗಿಸುತ್ತ ಹೋದರೆ ಒಂದು ಹಂತದಲ್ಲಿ ಎರಡೂ ಶಬ್ದಗಳು ಒಂದರೊಳಗೊಂದು ಕೂತು, ಟಾಮ್‌ನ ಅಂಚು ಚೂಪಾಗಿ, ಮೈ ತುಂಬಿಕೊಂಡು ಕೇಳಿಸುತ್ತದೆ. ಅದೇ ಅದರ ಸ್ಥಾನ. ಅದನ್ನೂ ದಾಟಿ ತಿರುಗಿಸಿದರೆ ಟಾಮ್ ಮತ್ತೆ ಸೆಟ್‌ನಿಂದ ಕಳಚಿಕೊಳ್ಳುತ್ತದೆ. ಸಾಮಾನ್ಯವಾಗಿ ಈ ಸ್ಥಾನ ಪೂರ್ತಿ ತುದಿಯಲ್ಲಿರದೆ ಅರ್ಧ ದಾರಿಯ ಆಸುಪಾಸಿನಲ್ಲಿ ಸಿಗುತ್ತದೆ. ಮೂರೂ ಟಾಮ್‌ಗಳನ್ನು ಗೋಡೆಯಿಂದ ಗೋಡೆಗೆ ಹರಡಿದರೆ ಬಾರಿಸುವವರ ತೋಳುಗಳು ನಾಲ್ಕು ಮೀಟರ್ ಉದ್ದ ಇದ್ದಂತೆ ತೋರುತ್ತದೆ. ಟಾಮ್ ಮೈಕ್‌ಗಳೊಳಗೆ ಸಿಂಬಲ್‌ಗಳ ಸದ್ದೂ ನುಗ್ಗಿರುತ್ತದೆ ಎಂಬುದನ್ನು ಮರೆಯಬಾರದು. ಟಾಮ್ ಬಾರಿಸದ ಭಾಗಗಳನ್ನು ಆ ಟ್ರ್ಯಾಕ್‌ಗಳಿಂದ ಕತ್ತರಿಸಿ ತೆಗೆಯದಿದ್ದರೆ, ಟಾಮನ್ನು ಎಡಕ್ಕೆ ಸರಿಸಿದಾಗ ಸಿಂಬಲ್‌ಗಳೂ ಅದರ ಜೊತೆ ಎಡಕ್ಕೆ ಹೊರಡುತ್ತವೆ.

ಕಿಕ್ ಮತ್ತು ಸ್ನೇರ್ ಮಧ್ಯದಲ್ಲಿರಲಿ. ಕಿಕ್‌ನ ಕೆಳಸ್ತರದ ಶಬ್ದಕ್ಕೆ ಬಹಳ ಶಕ್ತಿ ಬೇಕು, ಅದನ್ನು ಎರಡೂ ಸ್ಪೀಕರ್‌ಗಳು ಹಂಚಿಕೊಳ್ಳುವುದು ಒಳ್ಳೆಯದು. ವಿನೈಲ್ ತಟ್ಟೆಯಲ್ಲಂತೂ ಕೆಳಸ್ತರ ಎಡಬಲಕ್ಕೆ ಹರಿದು ಹಂಚಿದ್ದರೆ ಸೂಜಿ ಗೆರೆ ಬಿಟ್ಟು ಹಾರುವ ಭಯವಿತ್ತು. 1960ರ ದಶಕದ ಕೆಲವು ಸ್ಟೀರಿಯೋ ಮಿಕ್ಸ್‌ಗಳಲ್ಲಿ ಇಡೀ ಡ್ರಮ್ಸ್ ಒಂದೇ ಕಡೆ ಕೇಳುತ್ತದೆ ನಿಜ, ಆದರೆ ಆಗ ಕೈಯಲ್ಲಿದ್ದ ಟ್ರ್ಯಾಕ್‌ಗಳೇ ಮೂರೋ ನಾಲ್ಕೋ. ಹೈ-ಹ್ಯಾಟ್ ಸ್ನೇರ್ ಮೈಕ್‌ನಲ್ಲಿಯೂ ಓವರ್‌ಹೆಡ್‌ಗಳಲ್ಲಿಯೂ ಧಾರಾಳವಾಗಿ ಇರುವುದರಿಂದ ಅದರ ಸ್ವಂತ ಮೈಕ್ ಬಹಳ ಹಾಡುಗಳಲ್ಲಿ ಬೇಕಾಗುವುದೇ ಇಲ್ಲ. ಬೇಕಾದರೆ ಕಾಲು ಭಾಗದಷ್ಟು ಪಕ್ಕಕ್ಕೆ ಸರಿಸಿ, ಮಟ್ಟವನ್ನು ತಗ್ಗಿಸಿ ಇಡಿರಿ.

ಎಲ್ಲ ಮುಗಿದ ಮೇಲೆ ಮಿಕ್ಸನ್ನು ಮೋನೋ ಮಾಡಿ ಕೇಳಲೇಬೇಕು, ಏಕೆಂದರೆ ಒಂದೇ ಸ್ಪೀಕರ್ ಇರುವ ಫೋನ್‌ನಲ್ಲಿ ಕೇಳುವವರು ಬಹಳ ಜನ. ಆಗ ಸ್ನೇರ್ ಸೊರಗಿದರೆ ಅದರ ಟ್ರ್ಯಾಕ್‌ನ ಪೋಲಾರಿಟಿ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ) ನೋಡಿ, ಯಾವ ಸ್ಥಿತಿಯಲ್ಲಿ ಮೈ ತುಂಬಿ ಕೇಳುತ್ತದೋ ಅದನ್ನು ಉಳಿಸಿಕೊಳ್ಳಿರಿ. ಟಾಮ್‌ಗಳು ಸ್ವಲ್ಪ ಹಿಂದೆ ಸರಿದರೆ ಗಾಬರಿ ಬೇಡ. ಮಧ್ಯದಲ್ಲಿರುವುದನ್ನು ಪ್ರತಿ ಬದಿಯಲ್ಲೂ 3 ಡೆಸಿಬೆಲ್ ತಗ್ಗಿಸುವ ಪ್ಯಾನ್ ನಿಯಮ ನಿಮ್ಮ ತಂತ್ರಾಂಶದಲ್ಲಿದ್ದರೆ, ಮೋನೋದಲ್ಲಿ ಮಧ್ಯದ ಶಬ್ದಗಳು ಪೂರ್ತಿ ಬದಿಯಲ್ಲಿರುವವುಗಳಿಗಿಂತ 3 ಡೆಸಿಬೆಲ್ ಮೇಲೇಳುವುದು ಸಹಜ.

ಪ್ರಶ್ನೆ: ನನ್ನ ಬಳಿ ಇರುವುದು ಒಂದೇ ಮೈಕ್‌ನಲ್ಲಿ ಹಿಡಿದ ಒಂದೇ ಮೋನೋ ಡ್ರಮ್ಸ್ ಟ್ರ್ಯಾಕ್. ಅದರ ನಕಲು ಮಾಡಿ ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಇಟ್ಟೆ, ಏನೂ ಬದಲಾಗಲಿಲ್ಲ. ಒಂದನ್ನು ತಡವಾಗಿಸಿದರೆ ಆದೀತೇ?

ಉತ್ತರ: ಎರಡೂ ಸ್ಪೀಕರ್‌ಗಳಿಂದ ಒಂದೇ ಶಬ್ದ ಒಂದೇ ಹೊತ್ತಿಗೆ ಬಂದರೆ ಕಿವಿ ಅದನ್ನು ನಟ್ಟನಡುವೆ ಕೂರಿಸುತ್ತದೆ, ನಿಮಗೆ ಸಿಕ್ಕಿದ್ದು ಹೆಚ್ಚಿನ ಸದ್ದು ಮಾತ್ರ. ಒಂದು ನಕಲನ್ನು 10 ಮಿಲಿಸೆಕೆಂಡ್ ತಡವಾಗಿಸಿದರೆ ಹೆಡ್‌ಫೋನ್‌ನಲ್ಲಿ ಅಗಲ ಕೇಳಿಸುವುದು ಹೌದು, ಆದರೆ ಇಡೀ ಡ್ರಮ್ಸ್ ಮೊದಲು ಬಂದ ಬದಿಗೆ ವಾಲುತ್ತದೆ. ಮೋನೋ ಮಾಡಿದಾಗಲಂತೂ 50, 150, 250 ಹರ್ಟ್ಸ್ ಹೀಗೆ ಪ್ರತಿ 100 ಹರ್ಟ್ಸ್‌ಗೊಂದು ಕಡೆ ಶಬ್ದ ಕೊಚ್ಚಿಹೋಗುತ್ತದೆ. ಕಿಕ್‌ನ ಜೀವವಿರುವುದೇ ಆ ಕೆಳಭಾಗದಲ್ಲಿ. ಆದ್ದರಿಂದ ಈ ದಾರಿ ಬೇಡ. ಮೂಲ ಟ್ರ್ಯಾಕನ್ನು ಮಧ್ಯದಲ್ಲಿಯೇ ಬಿಟ್ಟು, ಅದರಿಂದ ಒಂದು ಸೆಂಡ್ (ಶಬ್ದದ ಒಂದು ಪಾಲನ್ನು ಬೇರೆಡೆಗೆ ಕಳಿಸುವ ದಾರಿ) ತೆಗೆದು, ಅರ್ಧ ಸೆಕೆಂಡಿನ ಆಸುಪಾಸಿನ ಸಣ್ಣ ಕೋಣೆಯ ಸ್ಟೀರಿಯೋ ರಿವರ್ಬ್‌ಗೆ (ಕೋಣೆಯ ಅನುರಣನವನ್ನು ಸೇರಿಸುವ ಸಾಧನ) ಕಳಿಸಿರಿ. ರಿವರ್ಬ್‌ಗೆ ಹೋಗುವ ಮುಂಚೆ 200 ಹರ್ಟ್ಸ್‌ಗಿಂತ ಕೆಳಗಿನದನ್ನು ಸೋಸಿಬಿಡಿರಿ. ಡ್ರಮ್ಸ್ ನಡುವೆ ಗಟ್ಟಿಯಾಗಿ ನಿಂತು, ಅದರ ಸುತ್ತಲಿನ ಗಾಳಿ ಮಾತ್ರ ಎಡಬಲಕ್ಕೆ ಹರಡುತ್ತದೆ. ಗಿಟಾರ್, ಕೀಬೋರ್ಡ್‌ಗಳನ್ನು ಬದಿಗಳಿಗೆ ಸರಿಸಿದರೆ ಹಾಡಿಗೆ ಬೇಕಾದ ಅಗಲವನ್ನು ಅವು ಕೊಡುತ್ತವೆ.

ಪ್ರಶ್ನೆ: ಡ್ರಮ್ಸ್ ಬಾರಿಸುವವರ ಕಡೆಯಿಂದ ಪ್ಯಾನ್ ಮಾಡಬೇಕೋ, ಕೇಳುಗರ ಕಡೆಯಿಂದಲೋ?

ಉತ್ತರ: ಎರಡೂ ರೂಢಿಯಲ್ಲಿವೆ. ಬಲಗೈಯವರು ಬಾರಿಸುವಾಗ ಹೈ-ಹ್ಯಾಟ್ ಅವರ ಎಡಕ್ಕಿರುತ್ತದೆ, ಎದುರಿಗಿರುವ ಕೇಳುಗರಿಗೆ ಅದು ಬಲಕ್ಕೆ. ವಿಡಿಯೊ ಜೊತೆಗಿದ್ದರೆ ಕೇಳುಗರ ಕಡೆಯನ್ನೇ ಆರಿಸಿಕೊಳ್ಳಿರಿ, ಕಣ್ಣಿಗೆ ಬಲಗಡೆ ಕಂಡ ಏಟು ಕಿವಿಗೆ ಎಡದಿಂದ ಬಂದರೆ ನೋಡುವವರಿಗೆ ಕಸಿವಿಸಿಯಾಗುತ್ತದೆ. ಯಾವುದನ್ನು ಆರಿಸಿದರೂ ಓವರ್‌ಹೆಡ್‌ಗಳೂ ಹತ್ತಿರದ ಮೈಕ್‌ಗಳೂ ಒಂದೇ ಕಡೆಯಿಂದ ನೋಡಬೇಕು. ಓವರ್‌ಹೆಡ್‌ಗಳು ಕೇಳುಗರ ಕಡೆಯಿಂದಲೂ ಟಾಮ್‌ಗಳು ಬಾರಿಸುವವರ ಕಡೆಯಿಂದಲೂ ಪ್ಯಾನ್ ಆಗಿದ್ದ ಮಿಕ್ಸ್‌ಗಳನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಎರಡು ಓವರ್‌ಹೆಡ್‌ಗಳ ಪ್ಯಾನ್ ಅದಲುಬದಲು ಮಾಡಿದರೆ ಅದು ಒಂದೇ ಕ್ಷಣದಲ್ಲಿ ಸರಿಹೋಗುತ್ತದೆ.