ದಾವಣಗೆರೆಯಲ್ಲಿ ಹೊಸ ವರ್ಷದ ಡಿಜೆ ಪಾರ್ಟಿ ಹೇಗಿರುತ್ತೆ? ನನಗೆ ರಶ್ ಅಂದ್ರೆ ಭಯ, ಹೋಗಬಹುದಾ?

ಧಾರಾಳವಾಗಿ ಹೋಗಿ. ಓದೋಕೆ ಬಂದಿದ್ದೀರಿ, ಡಿಸೆಂಬರ್ 31ರ ರಾತ್ರಿ ಹಾಸ್ಟೆಲ್‌ನಲ್ಲಿ ಸುಮ್ನೆ ಕೂರೋಕೆ ಮನಸ್ಸಿಲ್ಲ ಅಂತ ಬರೆದಿದ್ದೀರಲ್ಲ. ಕೋರಮಂಗಲದ ಪಬ್ ಲೆಕ್ಕ ಮಾತ್ರ ಇಟ್ಟುಕೊಳ್ಳಬೇಡಿ. ಇಲ್ಲಿ ಪಾರ್ಟಿ ಅಂದ್ರೆ ಹೆಚ್ಚಾಗಿ ಯಾವುದೋ ಹೋಟೆಲಿನ ಲಾನ್, ಒಂದು ಸ್ಟೇಜ್, ಆಳೆತ್ತರದ ಸ್ಪೀಕರ್, ಪಕ್ಕದಲ್ಲೇ ಊಟದ ಕೌಂಟರ್. ಪಾಸ್‌ನಲ್ಲಿ ಊಟ ಸೇರಿದೆಯಾ, ಬರೀ ಹುಡುಗರು ಬಂದರೆ ಬಿಡುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಕೆಲವು ಕಡೆ ಜೋಡಿಗೆ, ಫ್ಯಾಮಿಲಿಗೆ ಮಾತ್ರ ಎಂಟ್ರಿ.

ಒಂಬತ್ತರವರೆಗೂ ಎಲ್ಲರೂ ಮದುವೆ ರಿಸೆಪ್ಷನ್‌ಗೆ ಬಂದವರ ಹಾಗೆ ಕುರ್ಚಿ ಹಿಡಿದು ಕೂತಿರುತ್ತಾರೆ. ಇಂಗ್ಲಿಷ್ ಬೀಟ್ ಬಂದರೆ ನಾಲ್ಕು ಹುಡುಗರು ತಲೆ ಆಡಿಸುತ್ತಾರೆ, ಅಷ್ಟೇ. ಒಂದು ಕನ್ನಡ ಮಾಸ್ ಹಾಡು, ಅದರ ಬೆನ್ನಿಗೆ ಉತ್ತರ ಕರ್ನಾಟಕದ ಒಂದು ಜಾನಪದ ಹಾಕಲಿ ನೋಡಿ, ಅಂಕಲ್‌ಗಳೂ ಪ್ಯಾಂಟ್ ಮಡಚಿಕೊಂಡು ಇಳಿಯುತ್ತಾರೆ. ನಿಮ್ಮ ಕಾಲೇಜಿನ ಮೇಷ್ಟ್ರೇ ಪಕ್ಕದಲ್ಲಿ ಕುಣಿಯುತ್ತಿದ್ದರೂ ಆಶ್ಚರ್ಯ ಇಲ್ಲ. ಯಾರೂ ಗುರುತಿನವರಿಲ್ಲ ಅಂದುಕೊಳ್ಳುವಷ್ಟು ದೊಡ್ಡ ಊರಲ್ಲ ಇದು!

ರಶ್ ಶುರುವಾಗೋದು ಆಗಲೇ. ಸ್ಪೀಕರ್ ಎದುರು ನಿಲ್ಲಬೇಡಿ. ಹಿಂದೆ, ಒಂದು ಪಕ್ಕಕ್ಕೆ ಕುಣಿಯಿರಿ, ಅಲ್ಲಿ ಕಾಲಾಡಿಸೋಕೂ ಜಾಗ ಇರುತ್ತದೆ. ಬಯಲಲ್ಲಿ ಸ್ಪೀಕರ್‌ನಿಂದ ಎರಡರಷ್ಟು ದೂರ ಹೋದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಆದರೂ ಜೇಬಿನಲ್ಲಿ ಇಯರ್‌ಪ್ಲಗ್ ಇರಲಿ. ಹುಡುಗರು ನಗುತ್ತಾರೆ, ನಗಲಿ ಬಿಡಿ.

ನನ್ನ ಪ್ರಕಾರ ಕುಣಿಯೋ ಜಾಗಕ್ಕಿಂತ ಗೇಟ್ ಹತ್ತಿರವೇ ಜಾಸ್ತಿ ಹುಷಾರಾಗಿರಬೇಕು. 2025ರ ಜೂನ್ 4ರಂದು ಬೆಂಗಳೂರಿನಲ್ಲಿ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತದ್ದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟ್‌ಗಳ ಬಳಿಯೇ ಅಲ್ವಾ? ಒಳಗೆ ಹೋದ ತಕ್ಷಣ ಹೊರಗೆ ಬರೋಕೆ ಇನ್ನೊಂದು ದಾರಿ ಎಲ್ಲಿದೆ ನೋಡಿಕೊಳ್ಳಿ. ನೂಕಾಟ ಆದರೆ ಎರಡೂ ಕೈ ಎದೆ ಮುಂದೆ ಮಡಚಿ ಹಿಡಿಯಿರಿ, ಉಸಿರಾಡೋಕೆ ಜಾಗ ಉಳಿಯುತ್ತದೆ. ಎದುರು ತಳ್ಳಬೇಡಿ. ಜನ ಹೋದ ಕಡೆಗೇ ಹೋಗುತ್ತಾ, ಮೆಲ್ಲಗೆ ಓರೆಯಾಗಿ ಅಂಚಿಗೆ ಸರಿಯಿರಿ. ಮೊಬೈಲ್ ಕೆಳಗೆ ಬಿದ್ದರೆ ಬಗ್ಗಲೇಬೇಡಿ.

ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಅಂತ ನಿಯಮ ಇದೆ. ವಿಶೇಷ ದಿನಗಳಿಗೆ ಸರ್ಕಾರ 12ರವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಹಾಗಾಗಿ ಕೇಕ್ ಕತ್ತರಿಸಿದ ಸ್ವಲ್ಪ ಹೊತ್ತಿಗೆ ಹಾಡು ನಿಲ್ಲುತ್ತದೆ, ಎಲ್ಲರೂ ಒಟ್ಟಿಗೆ ಪಾರ್ಕಿಂಗ್ ಕಡೆ ನುಗ್ಗುತ್ತಾರೆ. ನೀವು ನುಗ್ಗಬೇಡಿ. ಐಸ್‌ಕ್ರೀಂ ಉಳಿದಿದ್ದರೆ ಇನ್ನೊಂದು ಹಾಕಿಸಿಕೊಂಡು ಅರ್ಧ ಗಂಟೆ ಕೂತುಬಿಡಿ.

ವಾಪಸ್ ಹೋಗೋಕೆ ಆಟೊ ಬೇಕಾದರೆ ಸಂಜೆಯೇ ಒಬ್ಬರ ನಂಬರ್ ತೆಗೆದುಕೊಂಡು ರೇಟ್ ಮಾತಾಡಿಟ್ಟಿರಿ. ಬರುವಾಗ ಬೆಣ್ಣೆ ದೋಸೆ ತಿನ್ನೋಣ ಅನ್ನೋ ಪ್ಲಾನ್ ಇದ್ದರೆ ಅದನ್ನು ಬೆಳಿಗ್ಗೆಗೆ ಇಟ್ಟುಕೊಳ್ಳಿ.