ಆಟದ ಬಯಲಿನ ಉಪಕರಣ ಬದಲಾವಣೆ: ಮುಳ್ಳೇರಿಯದ ಮಿತ್ರರಿಗೆ ಉತ್ತರ

ಮುಳ್ಳೇರಿಯದ ಮಿತ್ರರು ನಿನ್ನೆ ಹಾಕಿದ ಯೋಜನೆಯನ್ನು ಓದಿದೆ. ಬರುವ ಭಾನುವಾರದ ಶ್ರಮದಾನದಲ್ಲಿ ಹಳೆಯ ಜಾರುಬಂಡಿ, ಉಯ್ಯಾಲೆಗಳನ್ನು ಕಿತ್ತು, ಎಂಟಡಿ ಎತ್ತರದ ಹೊಸ ಉಯ್ಯಾಲೆಯನ್ನು ನಿಲ್ಲಿಸಿ, ಕೆಳಗೆ ಅರ್ಧ ಅಡಿ ಎಂ-ಸ್ಯಾಂಡ್ ಹರಡುವುದೆಂದು ತೀರ್ಮಾನಿಸಿದ್ದೀರಿ. ದಯವಿಟ್ಟು ಸ್ವಲ್ಪ ತಡೆಯಿರಿ. ಬದಿಯಡ್ಕದ ಕಡೆಯ ನಮ್ಮ ವಠಾರದಲ್ಲಿ ಇದೇ ಕ್ರಮದಲ್ಲಿ ಹೊರಟು, ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಎಲ್ಲವನ್ನೂ ಮತ್ತೆ ಅಗೆಯಬೇಕಾಯಿತು. ನೆಲ ಸಿದ್ಧವಾಗುವವರೆಗೆ ಉಪಕರಣಕ್ಕೆ ಮುಂಗಡ ಕೊಡಬೇಡಿ.

ಎಂ-ಸ್ಯಾಂಡ್ ಕಾಂಕ್ರೀಟಿಗೆ ಒಳ್ಳೆಯದು, ಬೀಳುವ ಮಗುವಿಗಲ್ಲ. ಕಲ್ಲನ್ನು ಒಡೆದು ಮಾಡಿದ ಅದರ ಕಣಗಳಿಗೆ ಮೂಲೆಗಳಿರುವುದರಿಂದ ಅವು ಒಂದಕ್ಕೊಂದು ಕಚ್ಚಿಕೊಂಡು, ಜತೆಗಿರುವ ಹುಡಿಯೂ ಸೇರಿ, ಎರಡು ಮಳೆಗೆ ಗಟ್ಟಿ ಪದರವಾಗುತ್ತವೆ. ಹೊಳೆಯ ಮರಳು ಸಿಕ್ಕಿತೆಂದೇ ಇಟ್ಟುಕೊಂಡರೂ ಉಯ್ಯಾಲೆಯ ಅಡಿಗೆ ಅದು ಸಾಲದು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಕೈಪಿಡಿಯ ಪ್ರಕಾರ 9 ಅಂಗುಲ ಮರಳು 4 ಅಡಿ ಎತ್ತರದಿಂದ ಬೀಳುವುದಕ್ಕಷ್ಟೇ ತಕ್ಕುದು; ಅಷ್ಟೇ ದಪ್ಪದ ಮರದ ಚಕ್ಕೆ 10 ಅಡಿಯವರೆಗೆ ತಡೆಯುತ್ತದೆ. ಉಯ್ಯಾಲೆಯ ಎತ್ತರವನ್ನು ಅಳೆಯಬೇಕಾದದ್ದು ಕೂರುವ ಹಲಗೆಯಿಂದಲ್ಲ, ಸರಪಳಿ ತೂಗುವ ಮೇಲಿನ ಕೀಲಿನಿಂದ. ಆದ್ದರಿಂದ ನಿಮ್ಮ ಎಂಟಡಿಗೆ ಚಕ್ಕೆಯೇ ಬೇಕು. ಚಕ್ಕೆ ಕಾಲುಭಾಗದಷ್ಟು ಕುಗ್ಗುವುದರಿಂದ ಮೊದಲೇ 12 ಅಂಗುಲ ತುಂಬಿಸಿ. ಮರದ ಮಿಲ್ಲಿನಲ್ಲಿ ಕೇಳಿದರೆ ಸಿಗುತ್ತದೆ, ಆದರೆ ಬಣ್ಣ ಬಳಿದ ಅಥವಾ ಔಷಧಿ ಹಾಕಿದ ಮರದ ಚಕ್ಕೆ ಬೇಡ, ಬರೀ ಗರಗಸದ ಹುಡಿಯೂ ಬೇಡ.

ಈಗ ಮುಖ್ಯ ವಿಷಯ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ಒಂದಡಿ ಗುಂಡಿ ತೋಡಿ ಚಕ್ಕೆ ತುಂಬಿಸಿದರೆ ಮಳೆಗಾಲದಲ್ಲಿ ಅದು ಕೆರೆಯಾಗಿ, ಚಕ್ಕೆ ತೇಲಿ, ಉಳಿದದ್ದು ಕೊಳೆತು ನಾರುತ್ತದೆ. ಅಡಿಕೆ ತೋಟವಿರುವವರಿಗೆ ಇದರ ಪರಿಹಾರವನ್ನು ಬಿಡಿಸಿ ಹೇಳಬೇಕಾಗಿಲ್ಲ: ಕಣಿ, ಅಂದರೆ ನೀರು ಹರಿದುಹೋಗುವ ಕಾಲುವೆ. ಗುಂಡಿಯ ತಳವನ್ನು ಒಂದು ಬದಿಗೆ ಇಳಿಜಾರು ಮಾಡಿ, ಆ ಬದಿಯಿಂದ ತಳಕ್ಕಿಂತಲೂ ಆಳವಾದ ಕಣಿಯನ್ನು ತಗ್ಗಿನ ಕಡೆಗೆ ತೆಗೆದು, ಅದರಲ್ಲಿ ದಪ್ಪ ಜಲ್ಲಿ ತುಂಬಿಸಿ. ಗುಂಡಿಯ ತಳದಲ್ಲೂ ತೆಳ್ಳಗೆ ಜಲ್ಲಿ ಹರಡಿ, ಮೇಲೆ ನೀರನ್ನಷ್ಟೇ ಇಳಿಯಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಅನಂತರವೇ ಚಕ್ಕೆ. ಮನೆಯಲ್ಲಿರುವ ಟಾರ್ಪಲು ಹಾಸಿ ದುಡ್ಡು ಉಳಿಸುವ ಸಲಹೆ ಯಾರಿಂದಲಾದರೂ ಬಂದೇ ಬರುತ್ತದೆ. ನೀರು ಇಳಿಯದ ಹಾಸಿನಿಂದ ಇಷ್ಟೆಲ್ಲ ಕೆಲಸವೂ ವ್ಯರ್ಥ. ಚಕ್ಕೆ ಹಾಕುವ ಮೊದಲು ಒಂದೆರಡು ಡ್ರಮ್ಮು ನೀರು ಹೊಯ್ದು, ಎಲ್ಲಿ ನಿಲ್ಲುತ್ತದೆ ಎಂದು ನೋಡಿ. ಕಂಬದ ಬುಡದಲ್ಲಿ ಚಕ್ಕೆಯ ಮಟ್ಟಕ್ಕೆ ಕೆಂಪು ಗೆರೆ ಎಳೆದಿಡಿ. ಮಕ್ಕಳ ಕಾಲು ತಾಗುವ ಉಯ್ಯಾಲೆಯ ನೇರ ಅಡಿಯಲ್ಲಿ ಚಕ್ಕೆ ಬದಿಗೆ ಸರಿದು ಹೊಂಡ ಬೀಳುತ್ತದೆ, ಅದನ್ನು ವಾರಕ್ಕೊಮ್ಮೆ ಎಳೆದು ಸರಿಮಾಡಲು ಒಬ್ಬರು ಬೇಕು. ಆ ಒಬ್ಬರು ಯಾರೆಂದು ಈಗಲೇ ಗೊತ್ತುಮಾಡಿ. ಶ್ರಮದಾನಕ್ಕೆ ಬಂದವರೆಲ್ಲ ಮರುವಾರವೂ ಬರುತ್ತಾರೆಂದು ನಂಬಿ ಯೋಜನೆ ಮಾಡಬಾರದು.

ಜಾಗದ ಲೆಕ್ಕವೂ ನಿಮ್ಮ ನಕ್ಷೆಯಲ್ಲಿ ತಪ್ಪಿದೆ. ಕೀಲಿನ ಎತ್ತರದ ಎರಡು ಪಟ್ಟು, ಅಂದರೆ ನಿಮ್ಮಲ್ಲಿ 16 ಅಡಿ, ಉಯ್ಯಾಲೆಯ ಹಿಂದೆಯೂ ಮುಂದೆಯೂ ತೆರವಿರಬೇಕು, ಅಷ್ಟುದ್ದಕ್ಕೂ ಚಕ್ಕೆ ಇರಬೇಕು. ಒಂದು ಚೌಕಟ್ಟಿಗೆ ಎರಡೇ ಉಯ್ಯಾಲೆ. ಮೂರನೆಯದು ಬೇಕೆಂದು ಯಾರು ಹಟ ಮಾಡಿದರೂ ಒಪ್ಪಬೇಡಿ. ತೆಂಗಿನ ಮರದ ನೆರಳು ಚೆನ್ನಾಗಿದೆಯೆಂದು ಅದರ ಅಡಿಯಲ್ಲಿ ಜಾಗ ಗುರುತಿಸಿದ್ದೀರಿ. ಕಾಯಿ ಬೀಳುವ ಜಾಗದಲ್ಲಿ ಮಕ್ಕಳನ್ನು ಆಡಿಸುವುದು ಸರಿಯೇ?

ಪೈಪಿನ ವಿಚಾರದಲ್ಲಿ ನಾನು ಟಾಟಾದ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪನ್ನೇ ಹೇಳುತ್ತೇನೆ. ಬೇರೆ ಕಂಪೆನಿಯದಾದರೂ ನೀಲಿ ಪಟ್ಟಿಯ ಮಧ್ಯಮ ದರ್ಜೆಗಿಂತ ಕೆಳಗಿಳಿಯಬೇಡಿ. ಹಳದಿ ಪಟ್ಟಿಯದು ತೆಳುವಾದದ್ದು. ವೆಲ್ಡಿಂಗನ್ನು ಸ್ವಯಂಸೇವಕರು ಮಾಡುವುದು ಬೇಡ, ಕೂಲಿ ಕೊಟ್ಟು ಕಸುಬು ಬಲ್ಲವರಿಂದಲೇ ಮಾಡಿಸಿ. ವೆಲ್ಡ್ ಮಾಡಿದಲ್ಲಿ ಸತುವಿನ ಲೇಪ ಸುಟ್ಟುಹೋಗುವುದರಿಂದ, ಬಣ್ಣಕ್ಕೆ ಮೊದಲು ಅಲ್ಲಿಗೆ ಜಿಂಕ್ ಪೈಂಟು ಬಳಿಯಲೇಬೇಕು. ಸರಪಳಿಯ ಕೊಕ್ಕೆಯ ಬಾಯಿಯಲ್ಲಿ ಒಂದು ಮಿಲಿಮೀಟರಿಗಿಂತ ಹೆಚ್ಚು ಸಂದು ಉಳಿದರೆ ಮಕ್ಕಳ ಅಂಗಿ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಕಂಬದ ಕಾಂಕ್ರೀಟಿನ ಮೇಲ್ಮೈ ಚಕ್ಕೆಯ ಅಡಿಯಲ್ಲಿ ಹುದುಗಿರಲಿ, ಮತ್ತು ಕನಿಷ್ಠ ಒಂದು ವಾರ ನೀರುಣಿಸಿದ ಮೇಲೆಯೇ ಉಯ್ಯಾಲೆ ಕಟ್ಟಿ.

ಹಳೆಯ ಏಣಿಯನ್ನು ಅಂಗನವಾಡಿಗೆ ಕೊಡುವ ಮಾತು ಬಂದಿದೆ. ಅದರ ಮೆಟ್ಟಿಲುಗಳ ನಡುವಿನ ತೆರವನ್ನು ಅಳೆದು ನೋಡಿ. ಮೂರೂವರೆ ಅಂಗುಲಕ್ಕಿಂತ ಹೆಚ್ಚು, ಒಂಬತ್ತಕ್ಕಿಂತ ಕಡಿಮೆ ಇದ್ದರೆ ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುವ ಅಪಾಯವಿದೆ. ಹಾಗಿದ್ದರೆ ಅದನ್ನು ಕೊಡಬೇಡಿ, ತುಂಡರಿಸಿ ಗುಜರಿಗೆ ಹಾಕಿ. ಇದೆಲ್ಲಕ್ಕೂ ಮೊದಲು ಪಂಚಾಯತಿನ ಒಪ್ಪಿಗೆ ಬಾಯಿಮಾತಿನಲ್ಲಿ ಉಳಿಯದೆ ಬರಹದಲ್ಲಿ ನಿಮ್ಮ ಕೈಗೆ ಬಂದಿರಲಿ. ಭಾನುವಾರ ಜನ ಸೇರುವುದು ನಿಶ್ಚಯವಾಗಿದ್ದರೆ, ಒಪ್ಪಿಗೆ ಬಂದಿದ್ದ ಪಕ್ಷದಲ್ಲಿ, ಅಂದು ಹಳೆಯದನ್ನು ಕಿತ್ತು ಕಣಿ ಮಾತ್ರ ತೆಗೆಯಿರಿ.