ದಪ್ಪ ಬಾಲ್ಸಾ ಕಟ್ಟಿಗೆಯನ್ನು ಅಂಚು ನಜ್ಜಾಗದಂತೆ ಕತ್ತರಿಸಿ ಆಕಾರ ಕೊಡುವುದು ಹೇಗೆ?

ನೀವು ಕೇಳಿದ್ದು ಇಷ್ಟು: ಎರಡು ಇಂಚು ದಪ್ಪದ ಬಾಲ್ಸಾ ತುಂಡಿನಲ್ಲಿ ಗ್ಲೈಡರ್‌ನ (ಎಂಜಿನ್ ಇಲ್ಲದೆ ತೇಲುವ ಮಾದರಿ ವಿಮಾನದ) ಮೂತಿ ಮಾಡಬೇಕು, ಕಟರ್ ಹಾಕಿದರೆ ಅಂಚು ನಜ್ಜಾಗುತ್ತದೆ, ಅಲಗು ಗೆರೆ ಬಿಟ್ಟು ಓಡುತ್ತದೆ, ರಾಯಚೂರಿನಲ್ಲಿ ಇದಕ್ಕೆ ಮಷೀನ್ ಎಲ್ಲಿ ಸಿಗುತ್ತದೆ ಎಂದು. ನಾನು ಕೊಪ್ಪಳದಲ್ಲಿ ಮನೆಯಲ್ಲೇ ಇದೇ ಕೆಲಸ ಮಾಡುತ್ತೇನೆ. ಮಷೀನ್ ಬೇಕಿಲ್ಲ. ಮೊದಲು ಆ ಕಟರ್ ಪಕ್ಕಕ್ಕಿಡಿ.

ಬಾಲ್ಸಾ ಬೆರಳಿನ ಉಗುರಿಗೂ ತಗ್ಗುವಷ್ಟು ಮೆತ್ತಗಿದೆ, ಹಾಗಾಗಿ ಯಾವ ಅಲಗಾದರೂ ಸಾಕು ಅನ್ನಿಸುತ್ತದೆ. ನಿಜ ಅದಕ್ಕೆ ತಿರುಗಾಮುರುಗಾ. ಈಕ್ವೆಡಾರ್‌ನಿಂದ ಹೆಚ್ಚಾಗಿ ಬರುವ ಈ ಮರ ಬಹಳ ಬೇಗ ಬೆಳೆಯುತ್ತದೆ. ಜೀವಂತ ಮರದಲ್ಲಿ ಅದರ ದೊಡ್ಡ ಕೋಶಗಳ ತುಂಬ ನೀರಿರುತ್ತದೆ, ಒಣಗಿದ ಮೇಲೆ ತೆಳು ಗೋಡೆಯ ಟೊಳ್ಳಷ್ಟೇ ಉಳಿಯುತ್ತದೆ. ಮೊಂಡು ಅಲಗು ಆ ಗೋಡೆಗಳನ್ನು ಕೊಯ್ಯುವುದಿಲ್ಲ, ಮಡಚಿ ಹಾಕುತ್ತದೆ. ಹರಿತವಾದ ಕಟರ್ ಕೂಡ ಮೂರ್ನಾಲ್ಕು ಮಿ.ಮೀ. ಒಳಗಿಳಿದ ಮೇಲೆ ಬೆಣೆಯಾಗುತ್ತದೆ, ಅಲಗಿನ ದಪ್ಪವೇ ಎರಡೂ ಬದಿಯನ್ನು ಒತ್ತುತ್ತದೆ. ತೆಳು ಹಾಳೆಗೆ ಕಟರ್, ದಪ್ಪ ತುಂಡಿಗೆ ಗರಗಸ.

ಕತ್ತರಿಸುವ ಮೊದಲು ತುಂಡನ್ನು ತೂಗಿ ನೋಡಿ. 5 ಸೆಂ.ಮೀ. ಅಗಲ, 5 ಸೆಂ.ಮೀ. ದಪ್ಪ, 20 ಸೆಂ.ಮೀ. ಉದ್ದದ ಬಾಲ್ಸಾ ಸಾಮಾನ್ಯವಾಗಿ 80 ಗ್ರಾಂ ಆಸುಪಾಸು ಇರುತ್ತದೆ. ಅಷ್ಟೇ ದೊಡ್ಡ ಸಾಗವಾನಿ 300 ಗ್ರಾಂ ದಾಟುತ್ತದೆ. ಬಾಲ್ಸಾದಲ್ಲೇ 50 ಗ್ರಾಮಿನದೂ ಸಿಗುತ್ತದೆ, 120ರದೂ ಸಿಗುತ್ತದೆ. ಹಗುರಾದದ್ದು ಬೇಗ ನಜ್ಜಾಗುತ್ತದೆ, ಅದಕ್ಕೆ ಕೈ ಇನ್ನೂ ಹಗುರವಿರಬೇಕು.

ಆಮೇಲೆ ಎಳೆ, ಅಂದರೆ ಕಟ್ಟಿಗೆಯ ನಾರು, ಯಾವ ಕಡೆ ಹೋಗಿದೆ ಎಂದು ನೋಡಿ. ಯಲಬುರ್ಗಾ, ಕುಷ್ಟಗಿ ಕಡೆ ಗಾಳಿಯಂತ್ರ ನೋಡಿರುತ್ತೀರಿ. ಅಂಥ ದೊಡ್ಡ ಯಂತ್ರಗಳ ರೆಕ್ಕೆಯಲ್ಲಿ ಫೈಬರ್ ಗ್ಲಾಸ್ ಪದರಗಳ ನಡುವೆ ಬಾಲ್ಸಾ ತುಂಬುವ ರೂಢಿ ಜಗತ್ತಿನಾದ್ಯಂತ ಇದೆ, ಅದೂ ಎಳೆಗಳು ಪದರಕ್ಕೆ ನೆಟ್ಟಗೆ ನಿಲ್ಲುವಂತೆ. ನಿಂತ ಎಳೆ ಭಾರ ತಡೆಯುತ್ತದೆ, ಮಲಗಿದ ಎಳೆ ಒತ್ತಿದರೆ ಕುಸಿಯುತ್ತದೆ. ನಿಮ್ಮ ಮೂತಿಗೆ ಎಳೆ ಉದ್ದಕ್ಕೆ ಹೋಗಲಿ. ಅಡ್ಡ ಕೊಯ್ಯುವಾಗ ಅಂಚು ಕಿತ್ತು ಬರುವ ಅಪಾಯ ಹೆಚ್ಚು, ಅಲ್ಲಿ ಗೆರೆಯ ಮೇಲೆ ಮಾಸ್ಕಿಂಗ್ ಟೇಪ್ ಸುತ್ತಿ ಟೇಪಿನ ಮೇಲೆಯೇ ಕೊಯ್ಯಿರಿ.

ಗರಗಸ ಎಂದರೆ ಬಡಿಗೇರರ ದೊಡ್ಡ ಗರಗಸ ಅಲ್ಲ, ಅದರ ಹಲ್ಲು ಇದನ್ನು ಹರಿದುಬಿಡುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಇಂಚಿಗೆ 32 ಹಲ್ಲಿನ ಹ್ಯಾಕ್ಸಾ ಬ್ಲೇಡ್ ಕೇಳಿ. ಫ್ರೇಮ್ ಬೇಡ. ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿಯಿರಿ, ಹಲ್ಲಿನ ಮೊನೆ ನಿಮ್ಮ ಕಡೆ ಇರಲಿ, ಎಳೆಯುವಾಗ ಕೊಯ್ಯಲಿ. ತಳ್ಳಿದರೆ ತೆಳು ಬ್ಲೇಡ್ ಬಾಗುತ್ತದೆ, ಕೊಯ್ತ ಸೊಟ್ಟಗಾಗುತ್ತದೆ. ಗೆರೆಯನ್ನು ಮೂಲೆಮಟ್ಟದಿಂದ ನಾಲ್ಕೂ ಮುಖಕ್ಕೆ ಸುತ್ತಿಸಿ ಎಳೆಯಿರಿ. ಒಂದು ಮುಖದಲ್ಲಿ ಸ್ವಲ್ಪ ಕೊಯ್ದು ತುಂಡು ತಿರುಗಿಸಿ, ಮುಂದಿನ ಮುಖ, ಮತ್ತೆ ತಿರುಗಿಸಿ. ಒಂದೇ ಕಡೆಯಿಂದ ಆರಪಾರ ಹೋಗಬೇಡಿ. ಗೆರೆಯಿಂದ 2 ಮಿ.ಮೀ. ಹೊರಗೇ ಇರಿ, ಉಳಿದದ್ದನ್ನು ಸ್ಯಾಂಡ್ ಪೇಪರ್ ತೆಗೆಯುತ್ತದೆ.

ಇಡೀ ಕೆಲಸದ ಗುಟ್ಟು ಮುಂದಿನ ಹೆಜ್ಜೆಯಲ್ಲಿದೆ. ಮೂತಿಯ ಪಕ್ಕದ ನೋಟವನ್ನು ತುಂಡಿನ ಪಕ್ಕಕ್ಕೂ ಮೇಲಿನ ನೋಟವನ್ನು ಮೇಲ್ಮುಖಕ್ಕೂ ಬರೆದುಕೊಳ್ಳಿ. ಪಕ್ಕದ ಗೆರೆಯಂತೆ ಮೊದಲು ಕೊಯ್ಯಿರಿ. ಬಿದ್ದ ಚೂರುಗಳನ್ನು ಎಸೆಯಬೇಡಿ, ಟೇಪ್ ಹಾಕಿ ಇದ್ದಲ್ಲಿಯೇ ಕೂರಿಸಿ. ತುಂಡು ಮತ್ತೆ ಚೌಕವಾಗುತ್ತದೆ, ಸಪಾಟಾಗಿ ಕೂರುತ್ತದೆ, ಮೇಲಿನ ಗೆರೆಯೂ ಅಳಿಯದೆ ಉಳಿದಿರುತ್ತದೆ. ಈಗ ಅದರಂತೆ ಕೊಯ್ದು ಟೇಪ್ ಬಿಚ್ಚಿದರೆ ಎರಡೂ ನೋಟ ಸರಿಯಾಗಿ ಕೂಡಿದ ಒರಟು ಮೂತಿ ಕೈಯಲ್ಲಿರುತ್ತದೆ. ಅದರ ನಾಲ್ಕು ಮೂಲೆಯನ್ನು ಹೊಸ ಅಲಗಿನಿಂದ ತೆಳು ಸಿಪ್ಪೆಯಾಗಿ ಸವರಿ ಎಂಟು ಮುಖ ಮಾಡಿ, ಎಂಟನ್ನು ಹದಿನಾರು ಮಾಡಿ. ನೇರ ದುಂಡಗೆ ಉಜ್ಜಲು ಹೋದವರ ಮೂತಿ ಒಂದು ಕಡೆ ಉಬ್ಬಿರುತ್ತದೆ. ಸವರುವಾಗ ದಪ್ಪ ಭಾಗದಿಂದ ತೆಳು ಭಾಗದ ಕಡೆಗೇ ಅಲಗು ಹೋಗಲಿ, ಎದುರು ಹೋದರೆ ಎಳೆಯೊಳಗೆ ಹೊಕ್ಕು ಚಕ್ಕೆ ಎಬ್ಬಿಸುತ್ತದೆ.

ಸ್ಯಾಂಡ್ ಪೇಪರ್ 80ನೇ ನಂಬರಿನಿಂದ ಶುರುಮಾಡಿ 120, 220, ಕೊನೆಗೆ 400; ನಂಬರ್ ಹೆಚ್ಚಿದಷ್ಟೂ ಪೇಪರ್ ನುಣುಪು. ಬೆರಳಿನಿಂದ ಒತ್ತಿ ಉಜ್ಜಿದರೆ ಗುಳಿ ಬೀಳುತ್ತದೆ. ಉಬ್ಬಿಗೆ ಪ್ಲೈವುಡ್ ಪಟ್ಟಿಗೆ ಅಂಟಿಸಿದ ಪೇಪರ್, ತಗ್ಗಿಗೆ ಹೊಲದ ಪಿವಿಸಿ ಪೈಪಿನ ತುಂಡಿಗೆ ಸುತ್ತಿದ್ದು. ಹಳೆಯ ಲಗ್ನಪತ್ರಿಕೆಯ ರಟ್ಟಿನಲ್ಲಿ ಅರ್ಧ ಆಕಾರದ ಅಚ್ಚು ಕತ್ತರಿಸಿಟ್ಟುಕೊಂಡು ಎಡಕ್ಕೂ ಬಲಕ್ಕೂ ಅದನ್ನೇ ಹಿಡಿದು ನೋಡುತ್ತಿರಿ. ಮೂಗಿಗೆ ಮಾಸ್ಕ್ ಕಡ್ಡಾಯ. ಫ್ಯಾನ್ ಹಾಕಿದ ಕೋಣೆಯಲ್ಲಿ ಈ ಧೂಳು ಗಂಟೆಗಟ್ಟಲೆ ಇಳಿಯುವುದಿಲ್ಲ, ಅಂಗಳಕ್ಕೆ ಹೋಗಿ.

ತೆಳು ಹಾಳೆಗಳನ್ನು ಅಂಟಿಸಿ ದಪ್ಪ ತುಂಡು ಮಾಡಿಕೊಳ್ಳುವುದೂ ಒಳ್ಳೆಯ ದಾರಿಯೇ. ಆದರೆ ಸೂಪರ್ ಗ್ಲೂ ಬೇಡ. ಅದರ ಗೆರೆ ಬಾಲ್ಸಾಗಿಂತ ಎಷ್ಟೋ ಗಟ್ಟಿ, ಉಜ್ಜಿದಾಗ ಕಟ್ಟಿಗೆ ಸವೆದು ಗೆರೆ ಏಣಿನಂತೆ ಎದ್ದು ನಿಲ್ಲುತ್ತದೆ. ಫೆವಿಕಾಲ್ ತೆಳುವಾಗಿ ಸವರಿ, ರಾತ್ರಿಯಿಡೀ ಭಾರ ಹೇರಿಡಿ.

ಕೊನೆಗೆ ಮೇಲ್ಮೈ. ನಮ್ಮ ಪಕ್ಕದ ಕಿನ್ನಾಳದ ಚಿತ್ರಗಾರರು ಗೊಂಬೆಗೆ ಹಗುರ ಕಟ್ಟಿಗೆಯನ್ನೇ ಬಳಸುತ್ತಾರೆ, ಆದರೆ ಬಣ್ಣವನ್ನು ಬರಿಯ ಕಟ್ಟಿಗೆಗೆ ಹಚ್ಚುವುದಿಲ್ಲ. ಹುಣಸೆ ಬೀಜದ ಅಂಟು, ಕಟ್ಟಿಗೆ ಪುಡಿ ಬೆರೆಸಿದ ಕಿಟ್ಟದಿಂದ ಸಂದು ತುಂಬಿ, ನುಣುಪು ಮಾಡಿ, ಆಮೇಲೆ ಬಣ್ಣ. ಶೋಕೇಸಿನ ಮಾಡೆಲ್‌ಗೆ ನೀವೂ ಹಾಗೇ ಮಾಡಬಹುದು. ಹಾರುವ ಗ್ಲೈಡರ್‌ಗೆ ಅಷ್ಟು ತೂಕ ಬೇಡ: ಸ್ಯಾಂಡಿಂಗ್ ಸೀಲರ್‌ಗೆ (ಕಟ್ಟಿಗೆಯ ರಂಧ್ರ ಮುಚ್ಚುವ ಲೇಪಕ್ಕೆ) ಟಾಲ್ಕಮ್ ಪೌಡರ್ ಕಲಸಿ ಎರಡು ಕೈ ಹಚ್ಚಿ, ನಡುವೆ 400ರಲ್ಲಿ ಉಜ್ಜಿದರೆ ಸಾಕು. ಸೀಲರ್ ಹಚ್ಚುವ ಮೊದಲು ಎಲ್ಲಾದರೂ ಗುಳಿ ಬಿದ್ದಿದ್ದರೆ ಅದರ ಮೇಲೆ ಒಂದು ಹನಿ ನೀರು ಬಿಟ್ಟು, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆಯ ತುದಿ ಕ್ಷಣಹೊತ್ತು ಮುಟ್ಟಿಸಿ. ಎಳೆ ಹರಿಯದಿದ್ದರೆ ಕುಸಿದ ಕೋಶಗಳು ಉಬ್ಬಿ ಗುಳಿ ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ಮತ್ತೆ ಉಜ್ಜಿ.